ಸ್ಪ್ಯಾನಿಷ್ ಭಾಷೆಯಲ್ಲಿ ‘ಮೋಸಹೋಗುವವನು’

ಯಾರು ಏನು ಹೇಳಿದರೂ ನಂಬಿಬಿಡುವ ಮನುಷ್ಯನಿಗೆ ಕನ್ನಡದಲ್ಲಿ ಎಷ್ಟು ಹೆಸರುಗಳುಂಟು! ಮುಗ್ಧ, ಭೋಳೆ, ಬೆಪ್ಪ, ಮಂಕುದಿಣ್ಣೆ, ಹಿತ್ತಾಳೆ ಕಿವಿಯವನು. ಒಂದರ ಬದಲು ಇನ್ನೊಂದನ್ನು ಆಡಿದರೆ ಜಗಳವೇ ಆದೀತು. ಸ್ಪ್ಯಾನಿಷ್ ಭಾಷೆಯೂ ಈ ವಿಷಯದಲ್ಲಿ ಬಡವಲ್ಲ. ನಿಘಂಟನ್ನು ತೆರೆದರೆ ಐದಾರು ಪದಗಳು ಒಟ್ಟಿಗೆ ಎದುರಾಗುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಂಡೆವೆಂಬುದರ ಮೇಲೆ, ಮೋಸಹೋದವನ ವಿಷಯದಲ್ಲಿ ನಾವು ಕೊಟ್ಟ ತೀರ್ಪೇನೆಂಬುದು ನಿಂತಿದೆ.

‘ಕ್ರೆದುಲೊ’ ಎಂಬುದು ‘ನಂಬು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಪದ. ಇದು ನಂಬುವ ಚಾಳಿಯನ್ನಷ್ಟೇ ಹೇಳುತ್ತದೆ, ಮನುಷ್ಯನು ಒಳ್ಳೆಯವನೋ ಕೆಟ್ಟವನೋ ಹೇಳುವುದಿಲ್ಲ. ಸರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ ಗ್ರಂಥದ ಎರಡನೆಯ ಭಾಗದಲ್ಲಿ (1615) ಸ್ಯಾಂಕೋ ಪಾಂಜಾ ಯಾವಳೋ ಹಳ್ಳಿಯ ಹುಡುಗಿಯನ್ನು ತೋರಿಸಿ, ಮಾಟಕ್ಕೆ ಸಿಕ್ಕು ರೂಪಗೆಟ್ಟ ದುಲ್ಸಿನೆಯಾ ಇವಳೇ ಎಂದು ತನ್ನ ಒಡೆಯನನ್ನು ನಂಬಿಸುತ್ತಾನೆ. ಮುಂದೆ ಡಚೆಸ್ ಅವನನ್ನು ಕೂರಿಸಿಕೊಂಡು, ಆ ಹುಡುಗಿ ನಿಜವಾಗಿಯೂ ದುಲ್ಸಿನೆಯಾಳೇ ಎಂದು ಹೇಳಲು, ತಾನೇ ಕಟ್ಟಿದ ಸುಳ್ಳನ್ನು ತಾನೇ ನಂಬುತ್ತಾನೆ! ಇವನು ಕ್ರೆದುಲೊ, ಸಂದೇಹವಿಲ್ಲ. ಆದರೆ ‘ಇನ್ಹೆನುವೊ’ ಎಂದರೆ ಒಪ್ಪದು. ಕಪಟವನ್ನೇ ಅರಿಯದ ಕಾರಣ ಇತರರಲ್ಲಿಯೂ ಅದನ್ನು ಕಾಣದವನು ಇನ್ಹೆನುವೊ. ಸ್ಯಾಂಕೋವಿಗೆ ಕಪಟ ಚೆನ್ನಾಗಿಯೇ ಗೊತ್ತಿತ್ತು. (ಆ ಗ್ರಂಥದ ಮೂಲ ಹೆಸರಿನಲ್ಲಿರುವುದು ‘ಇನ್ಹೆನಿಯೋಸೊ’, ಎಂದರೆ ಕಲ್ಪನಾಚತುರ. ಎರಡನ್ನೂ ಬೆರೆಸಬಾರದು.)

‘ಇನೊಸೆಂತೆ’ ಎಂಬುದಕ್ಕೆ ನ್ಯಾಯಾಲಯದಲ್ಲಿ ‘ನಿರಪರಾಧಿ’ ಎಂದರ್ಥ. ಆದರೆ ಡಿಸೆಂಬರ್ 28ರಂದು ಅದೇ ಪದ ನಗೆಪಾಟಲಿಗೀಡಾದವನ ಬಿರುದಾಗುತ್ತದೆ. ಅರಸ ಹೆರೋದನು ಕೊಲ್ಲಿಸಿದ ಹಸುಳೆಗಳ ಸ್ಮರಣೆಯ ದಿನವದು. ಸ್ಪೇನಿನಲ್ಲಿಯೂ ಅನೇಕ ಸ್ಪ್ಯಾನಿಷ್ ಅಮೆರಿಕನ್ ದೇಶಗಳಲ್ಲಿಯೂ, ನಮ್ಮಲ್ಲಿ ಏಪ್ರಿಲ್ ಒಂದರಂದು ನಡೆಯುವಂಥ ತಮಾಷೆಗಳು ಅಂದು ನಡೆಯುತ್ತವೆ. ಅಂಥ ತಮಾಷೆಗೆ ‘ಇನೊಸೆಂತಾದಾ’ ಎಂದು ಹೆಸರು. ಇಷ್ಟು ದುಃಖದ ದಿನ ಇಷ್ಟು ನಗೆಯ ದಿನವಾದದ್ದು ವಿಚಿತ್ರವೇ ಸರಿ.

ಹಣ ಕಳೆದುಕೊಂಡವನ ಮಾತು ಬಂದಾಗ ಪದ ಬದಲಾಗುತ್ತದೆ. ‘ಎಸ್ತಾಂಪಿತಾ’ ಎಂಬ ಹಳೆಯ ವಂಚನೆಯುಂಟು. 1959ರ ‘ಲೋಸ್ ತ್ರಾಂಪೋಸೊಸ್’ ಚಲನಚಿತ್ರದಲ್ಲಿ ಇದನ್ನು ಕಾಣಬಹುದು. ಠಕ್ಕನೊಬ್ಬನು ಬುದ್ಧಿಮಾಂದ್ಯನಂತೆ ನಟಿಸುತ್ತ, ಕೈಯಲ್ಲಿನ ನೋಟುಗಳನ್ನು ಬರಿಯ ಚಿತ್ರದ ಚೀಟಿಗಳೆಂದು ತಿಳಿದವನಂತೆ ಎದುರಾಗುತ್ತಾನೆ. ದಾರಿಹೋಕನು ಆ ಕಟ್ಟನ್ನೆಲ್ಲ ಅಗ್ಗಕ್ಕೆ ಕೊಂಡು, ಮನೆಯಲ್ಲಿ ಬಿಚ್ಚಿದರೆ ಒಳಗೆ ರದ್ದಿ ಕಾಗದ! ಈ ದಾರಿಹೋಕನನ್ನು ಇನ್ಹೆನುವೊ ಎನ್ನಲಾದೀತೇ? ಪೆದ್ದನನ್ನು ಸುಲಿಯಹೊರಟವನಲ್ಲವೆ ಇವನು! ಇವನನ್ನು ‘ಇಂಕೌತೊ’ ಎಂದರೆ ಸಾಕು: ಎಚ್ಚರ ತಪ್ಪಿದವನು, ಅಷ್ಟೆ, ಅವನ ಮನಸ್ಸು ನಿರ್ಮಲವೆಂಬ ಸರ್ಟಿಫಿಕೇಟು ಆ ಪದದಲ್ಲಿಲ್ಲ. ಹಾಗೆಯೇ, ಊರ ಮುದುಕಿಯೊಬ್ಬಳು ದಯೆಯಿಂದ ಕೊಟ್ಟು ಕೆಟ್ಟರೆ ಅವಳನ್ನು ಇಂಕೌತಾ ಎಂದು ತಳ್ಳಿಹಾಕುವುದು ನನಗೆ ನಿಷ್ಠುರವಾಗಿ ತೋರುತ್ತದೆ. ಅಲ್ಲಿ ಇನ್ಹೆನುವಾ ಎನ್ನುವುದೇ ನ್ಯಾಯ. (ಸ್ತ್ರೀಲಿಂಗದಲ್ಲಿ ಕೊನೆಯ ಒಕಾರ ಆಕಾರವಾಗುತ್ತದೆ, ಇನೊಸೆಂತೆ ಮಾತ್ರ ಬದಲಾಗದು.)

ಇನ್ನುಳಿದವು ಆಡುಮಾತು. ‘ಪಾನ್ಫಿಲೊ’ ಎಂದರೆ ಮಂದಗತಿಯ ಭೋಳೆ. ಗ್ರೀಕ್ ಮೂಲದಲ್ಲಿ ‘ಎಲ್ಲರನ್ನೂ ಪ್ರೀತಿಸುವವನು’ ಎಂದಿದ್ದ ಪದಕ್ಕೆ ಈ ಗತಿ ಬಂದಿದೆ. ‘ಪ್ರಿಮೊ’ ಎಂದರೆ ಚಿಕ್ಕಪ್ಪನ ಅಥವಾ ಸೋದರಮಾವನ ಮಗ. ಆದರೆ ಸ್ಪೇನಿನಲ್ಲಿ ‘ಪ್ರಿಮೊ ಆದ’ ಎಂದರೆ ಟೋಪಿ ಹಾಕಿಸಿಕೊಂಡ ಎಂದು. ಮಿತ್ರರ ನಡುವೆ ನಗುತ್ತ ಆಡುವ ಮಾತಿದು, ಪರೀಕ್ಷೆಯ ಉತ್ತರಪತ್ರಿಕೆಗೆ ತಕ್ಕುದಲ್ಲ.