ಅಲೆ ಎಣಿಸಿ ಡಾಲರ್ ಟ್ರೇಡ್: ಲೆಕ್ಕ ಎಷ್ಟು, ಊಹೆ ಎಷ್ಟು?

ಅಮೆರಿಕದ ಅಕೌಂಟೆಂಟ್ ರಾಲ್ಫ್ ನೆಲ್ಸನ್ ಎಲಿಯಟ್, ಬೆಲೆಗಳು ಅಲೆಗಳ ಹಾಗೆ ಚಲಿಸುತ್ತವೆ ಅಂತ 1938ರಲ್ಲಿ ಪುಸ್ತಕ ತಂದರು. ಅವರು ನೋಡಿದ್ದು ಷೇರು ಮಾರುಕಟ್ಟೆ. ಈಗ ಕರೆನ್ಸಿ ಟ್ರೇಡರ್‌ಗಳೂ ಅದನ್ನೇ ಬಳಸ್ತಾರೆ.

ವಿಷಯ ಸರಳ. ಟ್ರೆಂಡ್ ಇರುವ ದಿಕ್ಕಿಗೆ ಐದು ಅಲೆ, ಆಮೇಲೆ ವಾಪಸ್ ಮೂರು ಅಲೆ. ಏರುವ ಟ್ರೆಂಡ್‌ಗೆ ನಿಯಮಗಳು ಮೂರು:

1. ಎರಡನೇ ಅಲೆ, ಮೊದಲನೆಯದು ಶುರುವಾದ ಜಾಗಕ್ಕಿಂತ ಕೆಳಗೆ ಹೋಗಬಾರದು.
2. 1, 3, 5ರಲ್ಲಿ ಮೂರನೆಯದು ಅತಿ ಚಿಕ್ಕದಾಗಿರಬಾರದು.
3. ನಾಲ್ಕನೇ ಅಲೆ, ಮೊದಲನೆಯದರ ತುದಿಗಿಂತ ಕೆಳಗೆ ಇಳಿಯಬಾರದು.

ಒಂದು ಕಾಲ್ಪನಿಕ ಉದಾಹರಣೆ ಮಾಡೋಣ. ಡಾಲರ್ 83.00ರಿಂದ 83.40ಕ್ಕೆ ಏರಿತು. ಇದು ಮೊದಲ ಅಲೆ, 40 ಪೈಸೆ. ಎರಡನೇ ಅಲೆ ಅದರ 61.8% ವಾಪಸ್ ಬರುತ್ತೆ ಅಂದುಕೊಂಡರೆ ಬೆಲೆ ಸುಮಾರು 83.15. ಅಲ್ಲಿ ಖರೀದಿ. 83.00 ದಾಟಿ ಕೆಳಗೆ ಹೋದರೆ ಒಂದನೇ ನಿಯಮ ಮುರಿಯಿತು, ಎಣಿಕೆ ತಪ್ಪು. ಹಾಗಾಗಿ ಸ್ಟಾಪ್‌ಲಾಸ್ 82.98. ಮೂರನೇ ಅಲೆ ಮೊದಲನೆಯದರ 1.618 ಪಟ್ಟು ಅಂದರೆ ಟಾರ್ಗೆಟ್ 83.80.

ಒಂದು ಲಾಟ್ ಅಂದರೆ 1000 ಡಾಲರ್. ಸೋತರೆ 170 ರೂಪಾಯಿ, ಗೆದ್ದರೆ 650. ಬ್ರೋಕರೇಜ್ ಬಿಟ್ಟರೆ 170/820, ಅಂದರೆ ಸುಮಾರು 21% ಸಲ ಗೆದ್ದರೂ ಅಸಲು ಉಳಿಯುತ್ತೆ.

ಕೇಳೋಕೆ ಚೆನ್ನಾಗಿದೆ. ಆದರೆ ಆ 21% ಸಿಗುತ್ತಾ ಅನ್ನೋದನ್ನ ಅಲೆ ಹೇಳಲ್ಲ. ಸಿಗ್ನಲ್ಸ್ ಕ್ಲಾಸಿನ ಅಲೆಗೆ ಫ್ರೀಕ್ವೆನ್ಸಿ ಇದೆ. ಫೋರಿಯರ್ ಯಾರು ಮಾಡಿದರೂ ಉತ್ತರ ಒಂದೇ. ಎಲಿಯಟ್ ಅಲೆಗೆ ನಿಗದಿತ ಅವಧಿ ಇಲ್ಲ. ಒಂದೇ ಚಾರ್ಟ್ ಇಬ್ಬರಿಗೆ ಕೊಟ್ಟರೆ ಎರಡು ಎಣಿಕೆ ಬರಬಹುದು. ಜೊತೆಗೆ ರಿಸರ್ವ್ ಬ್ಯಾಂಕ್ ಡಾಲರ್ ಮಾರೋಕೆ ನಿಂತರೆ ನಿಮ್ಮ ಮೂರನೇ ಅಲೆಗೆ ಕಾಯಲ್ಲ. ಹಾಗಾಗಿ ಈ ವಿಧಾನದಲ್ಲಿ ಗಟ್ಟಿಯಾಗಿರೋದು ಟಾರ್ಗೆಟ್ ಅಲ್ಲ, ಸ್ಟಾಪ್‌ಲಾಸ್. ನಮ್ಮ ಎಣಿಕೆ ಎಲ್ಲಿ ತಪ್ಪಾಗುತ್ತೆ ಅಂತ ಅದು ಮೊದಲೇ ಹೇಳಿಸುತ್ತೆ.

ಇನ್ನೊಂದು ಮುಖ್ಯ ಮಾತು. 2024ರ ಮೇ 3ರಿಂದ, ರೂಪಾಯಿ ಇರುವ ಕರೆನ್ಸಿ ಫ್ಯೂಚರ್ಸ್‌ನಲ್ಲಿ ಟ್ರೇಡ್ ಮಾಡಬೇಕಾದರೆ ನಿಜವಾದ ವಿದೇಶಿ ವಿನಿಮಯದ ವ್ಯವಹಾರ ಇರಲೇಬೇಕು. ಬರೀ ಲಾಭದ ಆಸೆಗೆ ಅವಕಾಶ ಇಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವ ಫಾರೆಕ್ಸ್ ಆಪ್‌ಗಳಿಗೆ ಪಾಕೆಟ್ ಮನಿ ಹಾಕೋ ಮುಂಚೆ ರಿಸರ್ವ್ ಬ್ಯಾಂಕಿನ ಅಲರ್ಟ್ ಲಿಸ್ಟ್ ನೋಡಿ. ಲಿಸ್ಟಿನಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ.

ಕಲಿಯೋಕೆ ದುಡ್ಡು ಬೇಕಿಲ್ಲ. ಹಳೆಯ ಚಾರ್ಟಿನ ಬಲಭಾಗ ಮುಚ್ಚಿ, ಎಣಿಕೆ ಮತ್ತು ಸ್ಟಾಪ್‌ಲಾಸ್ ಬರೆದಿಡಿ, ಆಮೇಲೆ ತೆರೆಯಿರಿ. ಐವತ್ತು ಸಲ ಮಾಡಿ, ಎಷ್ಟು ಸರಿ ಬಂತು ಅಂತ ನೀವೇ ಎಣಿಸಿ.