ಎಲ್ಲರ ಉಸಿರೂ 18 ಆಗಿರುವುದಿಲ್ಲ

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಆಸ್ಪತ್ರೆಗಳಲ್ಲಿ ಪೋಸ್ಟಿಂಗ್ ಮಾಡುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಒಂದು ಮಾತು. ಚಾರ್ಟ್‌ನಲ್ಲಿ ಉಸಿರಾಟದ ಕಾಲಂ ನೋಡಿ. ಸಾಲಾಗಿ ಎಲ್ಲರಿಗೂ 18, ಇಲ್ಲವೇ 20 ಎಂದಿದ್ದರೆ ಯಾರೂ ಎಣಿಸಿಲ್ಲ ಎಂದೇ ಅರ್ಥ. ಬಿ.ಪಿ. ಇಳಿಯುವ ಎಷ್ಟೋ ಮುಂಚೆ ಉಸಿರು ಏರುವುದುಂಟು. ನಾಡಿ ನೋಡುವವರಂತೆ ಕೈ ಹಿಡಿದುಕೊಂಡು, ರೋಗಿಗೆ ತಿಳಿಯದಂತೆ, ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ. ವಯಸ್ಕರಿಗೆ 12ರಿಂದ 20 ಸಹಜ.

ನರ್ಸ್‌ಗಳ ತೀರ್ಮಾನ ಹೇಗೆ ನಡೆಯುತ್ತದೆ ಎಂಬುದಕ್ಕೆ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನಾಲ್ಕು ಹಂತ ಹೇಳಿದರು. ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಸ್ಪಂದಿಸುವುದು, ಆಮೇಲೆ ಮರಳಿ ಯೋಚಿಸುವುದು. ಪರೀಕ್ಷೆಯಲ್ಲಿ ನಾಲ್ಕನ್ನೂ ಬರೆಯುತ್ತೇವೆ, ವಾರ್ಡಿನಲ್ಲಿ ಮೊದಲನೆಯದೇ ತಪ್ಪುತ್ತದೆ.

ನಮ್ಮ ಕಡೆಯದೇ ಉದಾಹರಣೆ ನೋಡಿ. ನೆಲದ ಮೇಲೆ ಮಲಗಿದ್ದ ಹೊಲದ ಆಳು ನಸುಕಿನಲ್ಲಿ ಬರುತ್ತಾನೆ. ‘ಹೊಟ್ಟಿ ಕಡಿಲಾಕತ್ತದ್ರೀ’ ಎನ್ನುತ್ತಾನೆ. ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸುವುದು ಸುಲಭ. ಆದರೆ ಅದು ಹಾವು ಕಡಿತವೂ ಆಗಿರಬಹುದು. ಕಟ್ಟುಹಾವು ಕಡಿದರೆ ಎಷ್ಟೋ ಸಲ ಬಾವೂ ಇರುವುದಿಲ್ಲ, ಹಲ್ಲಿನ ಗುರುತೂ ಕಾಣುವುದಿಲ್ಲ. ಆದ್ದರಿಂದ ಹೀಗೆ ಮಾಡಿ. ರಾತ್ರಿ ಎಲ್ಲಿ ಮಲಗಿದ್ದಿರಿ ಎಂದು ಕೇಳಿ. ಮೇಲೆ ನೋಡಲು ಹೇಳಿ, ರೆಪ್ಪೆ ಜೋತು ಬೀಳುತ್ತಿದೆಯೇ ಗಮನಿಸಿ. ದಿಂಬಿನಿಂದ ತಲೆ ಎತ್ತಬಲ್ಲರೇ? ಉಗುಳು ನುಂಗಬಲ್ಲರೇ? ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಷ್ಟರವರೆಗೆ ಎಣಿಸುತ್ತಾರೋ ವೇಳೆ ಸಮೇತ ಬರೆದಿಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಲು ಹೇಳಿ. 25 ಇದ್ದದ್ದು 14ಕ್ಕೆ ಇಳಿದರೆ ಆ್ಯಂಬು ಬ್ಯಾಗ್ ಮಂಚದ ಪಕ್ಕಕ್ಕೆ ಬರಲಿ, ನೀವು ಕೂಗಿ ಸ್ಟಾಫ್ ನರ್ಸ್ ಅನ್ನು ಕರೆಯಿರಿ.

ಕೊಳಕುಮಂಡಲದ ಕಥೆ ಬೇರೆ, ಅದರ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ತಿಳಿಯಲು ಒಣಗಿದ ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ಟ್ಯೂಬ್ ಬಳಸಿದರೆ, ಇಲ್ಲವೇ ನಡುನಡುವೆ ಎತ್ತಿ ನೋಡಿದರೆ ಫಲಿತಾಂಶ ನಂಬುವಂತಿಲ್ಲ. ಎಎಸ್‌ವಿ (ಹಾವಿನ ವಿಷಕ್ಕೆ ಮದ್ದು) ಹನಿ ಶುರುವಾಗುವ ಮುನ್ನ ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು ಲೇಬಲ್ ಹಚ್ಚಿ ಸಿದ್ಧವಿರಲಿ. ಹಾವು ಕಡಿತ ಈಗ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ, ಕರ್ನಾಟಕ 2024ರಲ್ಲಿ ಹಾಗೆ ಘೋಷಿಸಿದೆ.

ಇನ್ನು ಹೆಸರಿನ ವಿಷಯ. ಒಂದೇ ವಾರ್ಡಿನಲ್ಲಿ ಇಬ್ಬರು ಬಸಪ್ಪ ಬಿರಾದಾರ ಇರುವುದು ನಮ್ಮಲ್ಲಿ ಸೋಜಿಗವಲ್ಲ. ‘ಬಸಪ್ಪ ನೀವೇ ಅಲ್ರೀ?’ ಎಂದರೆ ಕಿವಿ ಮಂದವಾದ ಅಜ್ಜ ‘ಹೂಂ’ ಎಂದೇ ಬಿಡುತ್ತಾರೆ. ‘ನಿಮ್ಮ ಹೆಸರೇನ್ರೀ ಅಜ್ಜಾರ, ಅಪ್ಪನ ಹೆಸರು?’ ಎಂದು ಅವರ ಬಾಯಿಂದಲೇ ಹೇಳಿಸಿ, ಐ.ಪಿ. ನಂಬರ್ ಜೊತೆ ತಾಳೆ ನೋಡಿ. ಬೆಡ್ ನಂಬರ್ ಗುರುತಲ್ಲ.

ಇನ್ಸುಲಿನ್ ಎಳೆಯುವಾಗ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಹೋಗುವುದು 4 ಯೂನಿಟ್ ಮಾತ್ರ. ಅದಲುಬದಲಾಗಿ 100ರ ಇನ್ಸುಲಿನ್ 40ರ ಸಿರಿಂಜಿಗೆ ಬಂದರೆ 10ರ ಜಾಗದಲ್ಲಿ 25 ಹೋಗುತ್ತದೆ! ಸೀಸೆ, ಸಿರಿಂಜು ಎರಡನ್ನೂ ಇನ್ನೊಬ್ಬರಿಗೆ ತೋರಿಸಿಯೇ ಚುಚ್ಚಿ.

ಡಾಕ್ಟರಿಗೆ ಫೋನ್ ಮಾಡುವಾಗ ‘ಪೇಷಂಟ್ ಯಾಕೋ ಸರಿ ಇಲ್ರೀ ಸರ್’ ಎಂದರೆ ಸಾಲದು. ಯಾರು, ಯಾಕೆ ದಾಖಲಾದರು, ಅರ್ಧ ಗಂಟೆಯಲ್ಲಿ ಏನು ಬದಲಾಯಿತು, ಅಂಕಿ ಎಷ್ಟು, ಈಗ ಡಾಕ್ಟರು ಬರಬೇಕೇ ಬೇಡವೇ, ಈ ಕ್ರಮದಲ್ಲಿ ಹೇಳಿ. ಅವರು ಹೇಳಿದ ಔಷಧ, ಡೋಸ್ ಬರೆದುಕೊಂಡು ಅವರಿಗೇ ಓದಿ ಹೇಳಿ.

ಸಿಂದಗಿಯಿಂದ ವಿಜಯಪುರ ಸುಮಾರು 60 ಕಿಲೋಮೀಟರ್. ಹಾವು ಕಡಿದ ರೋಗಿಯನ್ನು ಅಲ್ಲಿಗೆ ಕಳಿಸುವುದಾದರೆ ಎಷ್ಟು ವೈಯಲ್ ಎಎಸ್‌ವಿ, ಎಷ್ಟು ಗಂಟೆಗೆ ಶುರು, ಕೊನೆಯ ಉಸಿರೆಣಿಕೆ ಎಷ್ಟು ಎಂಬುದು ರೆಫರಲ್ ಚೀಟಿಯಲ್ಲಿ ಇರಲಿ. ಆ್ಯಂಬು ಬ್ಯಾಗಿನ ಮಾಸ್ಕ್ ರೋಗಿಯ ಮುಖಕ್ಕೆ ಹೊಂದುತ್ತದೆಯೇ, ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿದೆ ಎಂಬುದನ್ನು 108ರ ಗಾಡಿ ಗೇಟು ದಾಟುವ ಮುನ್ನವೇ ನೋಡಿಕೊಳ್ಳಿ.