ಕರ್ತನ ದಿನದ ಕೆಲಸವೂ ಕೂಲಿಗಾರನ ಮನಸ್ಸಾಕ್ಷಿಯೂ

ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 5:12–15, ದಾನಿಯೇಲ 3:13–18, ಮಾರ್ಕ 3:1–5, ಯಾಕೋಬ 2:14–17.

ಆದಿತ್ಯವಾರದಲ್ಲಿಯೂ ಕೆಲಸಕ್ಕೆ ಬರಬೇಕೆಂದು ಯಜಮಾನನು ಹೇಳಿದರೆ, ಕೂಲಿಯಿಂದ ಜೀವಿಸುವ ವಿಶ್ವಾಸಿಯು ಏನು ಮಾಡತಕ್ಕದ್ದು? ಹೋದರೆ ಮನಸ್ಸಾಕ್ಷಿಯು ಚುಚ್ಚುವದು. ಹೋಗದಿದ್ದರೆ ಕೆಲಸವು ತಪ್ಪೀತು, ಮನೆಯ ಒಲೆಯು ಆರೀತು. ಈ ಕಾಲದಲ್ಲಿ ನಡೆದ ಒಂದು ಸಂಗತಿಯಿಂದ ಇದನ್ನು ವಿಚಾರಿಸೋಣ.

1. ನಡೆದ ಸಂಗತಿ. ಅಮೇರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಜೆರಾಲ್ಡ್ ಗ್ರಾಫ್ ಎಂಬ ಕ್ರೈಸ್ತನು 2012ರಲ್ಲಿ ಹಳ್ಳಿಗಳಿಗೆ ಟಪಾಲು ಹಂಚುವ ಕೆಲಸಕ್ಕೆ ಸೇರಿದನು. 2013ರಲ್ಲಿ ಅಲ್ಲಿಯ ಅಂಚೆಯವರು ಅಮೆಜಾನ್ ಎಂಬ ವರ್ತಕ ಕಂಪೆನಿಯ ಕಟ್ಟುಗಳನ್ನು ಆದಿತ್ಯವಾರವೂ ಮುಟ್ಟಿಸಲು ಒಪ್ಪಿಕೊಂಡರು. ಆ ಕೆಲಸವಿಲ್ಲದ ಹೋಲ್ಟ್‌ವುಡ್ ಎಂಬ ಚಿಕ್ಕ ಅಂಚೆಮನೆಗೆ ಗ್ರಾಫನು ವರ್ಗ ಮಾಡಿಸಿಕೊಂಡನು. 2017ರಲ್ಲಿ ಅದು ಅಲ್ಲಿಗೂ ಬಂತು. ಅವನು ಕರ್ತನ ದಿನದಲ್ಲಿ ದುಡಿಯಲೊಲ್ಲೆನೆಂದದ್ದರಿಂದ ಶಿಕ್ಷೆಯ ಮೇಲೆ ಶಿಕ್ಷೆ ವಿಧಿಸಲ್ಪಟ್ಟಿತು. ಕಡೆಗೆ, ತನ್ನನ್ನು ತೆಗೆದುಹಾಕುವರೆಂದು ಎಣಿಸಿ, 2019ರ ಜನವರಿಯಲ್ಲಿ ತಾನೇ ಕೆಲಸ ಬಿಟ್ಟು ನ್ಯಾಯಾಲಯಕ್ಕೆ ಹೋದನು.

ನೌಕರನ ಮತಾಚಾರಕ್ಕೆ ಎಡೆಕೊಡುವದರಿಂದ ಅಲ್ಪಕ್ಕಿಂತ ತುಸು ಹೆಚ್ಚು ವೆಚ್ಚವಾದರೂ ಯಜಮಾನನು ಒಲ್ಲೆನೆನ್ನಬಹುದೆಂದು 1977ರ ಒಂದು ತೀರ್ಪಿನಿಂದ ಆ ದೇಶದಲ್ಲಿ ತಿಳಿದುಕೊಂಡಿದ್ದರು. 2023ರ ಜೂನ್ 29ರಂದು ಪರಮೋಚ್ಚ ನ್ಯಾಯಾಧೀಶರು ಏಕಮತದಿಂದ ಇದನ್ನು ಸರಿಪಡಿಸಿ, ವ್ಯಾಪಾರಕ್ಕೆ ದೊಡ್ಡ ಭಾರವೇ ಆಗುವದೆಂದು ಯಜಮಾನನು ತೋರಿಸಬೇಕೆಂದರು. ಆದರೂ ಗ್ರಾಫನ ವ್ಯಾಜ್ಯವನ್ನು ತಾವೇ ತೀರಿಸದೆ ಕೆಳಗಿನ ನ್ಯಾಯಾಲಯಕ್ಕೆ ಹಿಂದೆ ಕಳುಹಿಸಿದರು. ಇದು ಆ ದೇಶದ ಕಾನೂನು. ನಮ್ಮ ದೇಶದ ಯಜಮಾನರನ್ನು ಕಟ್ಟುವದಿಲ್ಲ. ಆದರೆ ಕಲಿಯತಕ್ಕದ್ದು ಉಂಟು.

2. ಫಲವನ್ನು ಅರಿಯದ ವಿಧೇಯತೆ. ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬವರು, ದೇವರು ತಮ್ಮನ್ನು ಬೆಂಕಿಯಿಂದ ಬಿಡಿಸದೆ ಹೋದರೂ ವಿಗ್ರಹಕ್ಕೆ ಅಡ್ಡಬೀಳೆವೆಂದು ಅರಸನಿಗೆ ತಿಳಿಸಿದರು. ಕರ್ತನ ದಿನವನ್ನು ಆಚರಿಸುವವನ ಕೆಲಸವು ಎಂದೂ ಹೋಗದೆಂದು ಸತ್ಯವೇದವು ಎಲ್ಲಿಯೂ ಮಾತು ಕೊಡುವದಿಲ್ಲ. ಆದಕಾರಣ ಒಲ್ಲೆನೆನ್ನುವವನು ನಷ್ಟವನ್ನು ಮೊದಲೇ ಲೆಕ್ಕಿಸಿಕೊಳ್ಳಲಿ.

3. ನೆರೆಯವನ ಹೆಗಲು. ಹೋಲ್ಟ್‌ವುಡ್ಡಿನಲ್ಲಿ ಗ್ರಾಫನು ಬಿಟ್ಟ ಕೆಲಸವು ಜತೆಗಾರರ ಮೇಲೆ ಬಿತ್ತು. ಟಪಾಲು ಹಂಚುವದು ತನ್ನ ಕೆಲಸವಲ್ಲದ ಪೋಸ್ಟ್ ಮಾಸ್ತರನೂ ಹೊರಡಬೇಕಾಯಿತು. ನಾಲ್ಕನೆಯ ಆಜ್ಞೆಯಾದರೋ ದಾಸದಾಸಿಯರಿಗೂ ಎತ್ತುಕತ್ತೆಗಳಿಗೂ ವಿಶ್ರಾಂತಿಯನ್ನು ಬೇಡುತ್ತದೆ. ನಮ್ಮ ವಿಶ್ರಾಂತಿಯು ನೆರೆಯವನ ಬೆವರಿನಿಂದ ಕೊಂಡದ್ದಾಗಬಾರದು. ದೀಪಾವಳಿಯಲ್ಲಿ, ರಂಜಾನಿನಲ್ಲಿ ಜತೆಗಾರನ ಪಾಳಿಯನ್ನು ನಾವು ಹೊತ್ತರೆ, ಆದಿತ್ಯವಾರದಲ್ಲಿಯೂ ಕ್ರಿಸ್ತಜಯಂತಿಯಲ್ಲಿಯೂ ನಮ್ಮ ಪಾಳಿಯನ್ನು ಅವನು ಹೊರಬೇಕೆಂದು ಕೇಳುವದಕ್ಕೆ ಬಾಯಿ ಇರುವದು. ಯಜಮಾನನಿಗೂ ಕೆಲಸಕ್ಕೆ ಸೇರುವಾಗಲೇ ವಿನಯದಿಂದ ತಿಳಿಸಬೇಕು. ಜ್ವರವೆಂದು ಸುಳ್ಳು ಹೇಳಿ ಆರಾಧನೆಗೆ ಬರುವವನು ಒಂದು ಆಜ್ಞೆಯನ್ನು ಕಾಯುವದಕ್ಕಾಗಿ ಇನ್ನೊಂದನ್ನು ಮುರಿಯುತ್ತಾನೆ.

4. ದಯೆಯ ಕೆಲಸ. ಯೇಸು ಸ್ವಾಮಿಯು ಸಬ್ಬತ್ ದಿನದಲ್ಲಿಯೇ ಬತ್ತಿದ ಕೈಯುಳ್ಳವನನ್ನು ಸ್ವಸ್ಥಮಾಡಿದನು. ಆದುದರಿಂದ ಹೆರಿಗೆಗೆ ಹೋಗುವ ಸೂಲಗಿತ್ತಿಯೂ ರೋಗಿಯ ಬಳಿಯಲ್ಲಿರುವ ದಾದಿಯೂ ತಪ್ಪಿತಸ್ಥರಲ್ಲ. ಬೇರೆ ದಾರಿಯಿಲ್ಲದೆ ಕೆಲಸಕ್ಕೆ ಹೋದ ಬಡ ಸಹೋದರನನ್ನು ತೀರ್ಪುಮಾಡುವ ಅಧಿಕಾರವೂ ನಮಗಿಲ್ಲ.

5. ಸಭೆಯ ಸಾಲ. ಮನಸ್ಸಾಕ್ಷಿಯ ನಿಮಿತ್ತ ಒಬ್ಬನು ಕೆಲಸ ಕಳಕೊಂಡರೆ, ಅವನನ್ನು ಆರಾಧನೆಯಲ್ಲಿ ಹೊಗಳಿ ಬರಿಗೈಯಿಂದ ಮನೆಗೆ ಕಳುಹಿಸುವೆವೋ? ಅಂಥ ನಂಬಿಕೆಯನ್ನು ಯಾಕೋಬನು ಸತ್ತದ್ದೆನ್ನುತ್ತಾನೆ. ಆದಿತ್ಯವಾರವನ್ನು ಕಾಯಿರೆಂದು ಬೋಧಿಸುವ ನಾವೇ ಅವನ ಮನೆಗೆ ಮೊದಲಾಗಿ ಹಿಡಿಯಕ್ಕಿಯನ್ನು ಒಯ್ಯಬೇಕು. ಹೊಸ ಕೆಲಸ ಸಿಕ್ಕುವ ತನಕ ಸಭೆಯು ಅವನ ಒಲೆಯನ್ನು ಉರಿಸದಿದ್ದರೆ, ನಮ್ಮ ಉಪದೇಶವು ಅವನ ಮೇಲೆ ಹೊರಿಸಿದ ಹೊರೆಯೇ ಸರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ವಿಶ್ರಾಂತಿಗಾಗಿ ಯಾರು ದುಡಿಯುತ್ತಾರೆ?
2. ಯಾವ ಕೆಲಸವು ದಯೆಯದು, ಯಾವದು ಲಾಭದ್ದು?
3. ನಮ್ಮ ಸಭೆಯಲ್ಲಿ ಕೂಲಿ ಕಳಕೊಂಡವನಿಗೆ ನಾಳೆಯೇ ಏನು ಕೊಡಬಲ್ಲೆವು?